ರಸ್ತೆ ನೀರಿಗಿಳಿಯುವ ಜಾಗದಿಂದ ಒಂದು ಸುತ್ತು

ನಾನು ನಡೆಯಲು ಶುರು ಮಾಡುವ ಕಡೆ ಹಳೆಯ ಡಾಂಬರು ರಸ್ತೆಯೊಂದು ನೇರವಾಗಿ ನೀರಿಗಿಳಿಯುತ್ತದೆ. ತಡೆಗೋಡೆಯಿಲ್ಲ, ಫಲಕವಿಲ್ಲ. ಒಂದು ಕಾಲದಲ್ಲಿ ಬಸ್ ಓಡಾಡಿದ ದಾರಿ ಅದು. ಆಲಮಟ್ಟಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿಗೆ, ಅಂದರೆ ಪೂರ್ತಿಯಾಗಿ ತುಂಬಿದಾಗ ಹಿನ್ನೀರು ಘಟಪ್ರಭೆಯ ಗುಂಟ ಬಾಗಲಕೋಟೆಯವರೆಗೂ ಬರುತ್ತದೆ. ಹೊರಗಿನವರು ಅದನ್ನು ಹಿನ್ನೀರು ಎನ್ನುತ್ತಾರೆ. ಮನೆ ಕಳೆದುಕೊಂಡು ನವನಗರಕ್ಕೆ ಬಂದವರ ಬಾಯಲ್ಲಿ ಅದು ಮುಳುಗಡೆ. ಕಡಲಿಲ್ಲದ ಜಿಲ್ಲೆಯಲ್ಲಿ ನಮಗಿರುವ ದಂಡೆ ಇದೊಂದೇ.

ಸುತ್ತು ದೊಡ್ಡದೇನಲ್ಲ, ಸುಮಾರು ನಾಲ್ಕು ಕಿಲೋಮೀಟರ್. ರಸ್ತೆಯ ತುದಿಯವರೆಗೆ ಹೋಗಿ, ನೀರಿನ ಅಂಚು ಹಿಡಿದು ಪಶ್ಚಿಮಕ್ಕೆ ನಡೆದು, ಕಡಲೆ ಹೊಲಗಳ ಬದುವಿನ ಮೇಲೆ ಹಿಂದಿರುಗುವುದು. ಮೊದಲ ವರ್ಷ ಇದನ್ನೇ ತಿರುವುಮುರುವಾಗಿ ಮಾಡಿದ್ದೆ. ಬೆಳಗಿನ ಬಿಸಿಲು ಎದುರಿಗೆ, ನೀರೆಲ್ಲ ಕನ್ನಡಿ. ಹಕ್ಕಿಗಳೆಲ್ಲ ಕರಿ ಚುಕ್ಕೆಗಳು. ದುರ್ಬೀನಿಗೆ ಕೊಟ್ಟ ಹಣ ದಂಡ ಎಂದುಕೊಂಡು ಮನೆಗೆ ಬಂದಿದ್ದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆಯಬೇಕೆಂಬ ಬುದ್ಧಿ ಬರಲು ಮೂರು ಭಾನುವಾರ ಬೇಕಾದವು.

ಇನ್ನೊಂದು ಪಾಠ ಕಾಲಿಗೇ ಆಯಿತು. ಡಿಸೆಂಬರಿನಲ್ಲಿ ನೀರಿನ ಅಂಚಿಗೆ ಗುರುತಿಗೆಂದು ಒಂದು ಕಲ್ಲು ಇಟ್ಟಿದ್ದೆ. ಸಂಕ್ರಾಂತಿಯ ಹೊತ್ತಿಗೆ ಹೋಗಿ ನೋಡಿದರೆ ಕಲ್ಲು ಅಲ್ಲೇ ಇದೆ, ನೀರು ಎಂಬತ್ತು ಹೆಜ್ಜೆ ಆಚೆ ಸರಿದಿದೆ. ನೆಲ ಇಲ್ಲಿ ತಟ್ಟೆಯಂತೆ ಸಪಾಟು. ನೀರು ಗೇಣುದ್ದ ಇಳಿದರೂ ದಂಡೆ ಬಹುದೂರ ಓಡುತ್ತದೆ. ಹೊಸದಾಗಿ ಬಯಲಾದ ಆ ಎರೆ ಮಣ್ಣಿನ ಮೇಲೆ ಒಣಗಿದ ಪದರು ಕಂಡು ಧೈರ್ಯವಾಗಿ ಕಾಲಿಟ್ಟೆ. ಮೊಣಕಾಲಿನವರೆಗೆ ಹೋಯಿತು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಇನ್ನೂ ಅಲ್ಲೇ ಇರಬಹುದು.

ದೂರದಲ್ಲಿ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ನಗುತ್ತಲೇ ಬಂದು ಕೋಲು ಚಾಚಿದರು. ‘ಮಣ್ಣು ನೋಡಬೇಡಪ್ಪಾ, ಗೊರಸು ನೋಡು’ ಎಂದರು. ಅಂದಿನಿಂದ ಅದೇ ನನ್ನ ಅಳತೆ. ಆಡಿನ ಗೊರಸು ಬೆರಳಿನ ಒಂದು ಗೆಣ್ಣಿನಷ್ಟು ಮಾತ್ರ ಇಳಿದಿದ್ದರೆ ನಡೆಯಬಹುದು. ಎಮ್ಮೆಯ ಗೊರಸಿನ ಕುಳಿಯಲ್ಲಿ ನೀರು ನಿಂತಿದ್ದರೆ ಹತ್ತು ಮಾರು ಮೇಲಕ್ಕೆ ಸರಿಯಬೇಕು. ಮೆಟ್ಟುಗಾಲು ಹಕ್ಕಿಯ ಕಡ್ಡಿಯಂಥ ಹೆಜ್ಜೆಗಳಷ್ಟೇ ಇವೆಯೆಂದರೆ ಅದು ಮನುಷ್ಯರ ಜಾಗವಲ್ಲ. ಬಿರುಕು ಬಿಟ್ಟಿದೆಯೆಂದು ನಂಬುವುದೂ ತಪ್ಪೇ. ಬಿರುಕಿನೊಳಗೆ ಕೋಲು ಇಳಿಸಿ ನೋಡಿದರೆ ತುದಿ ಹಸಿಯಾಗಿ ಬರುತ್ತದೆ.

ಬಯಲಾದ ಕಡೆಯಲ್ಲೆಲ್ಲ ಹಳೆಯ ಬದುಕಿನ ಚೂರುಗಳು ಸಿಗುತ್ತವೆ. ಒಂದು ಹೊಸ್ತಿಲು, ಅದರಾಚೆ ಮನೆಯಿಲ್ಲ. ಕೆಸರು ತುಂಬಿದ ಒರಳು. ಒಮ್ಮೆ ಆ ಒರಳಿನ ಪಕ್ಕದಲ್ಲೇ ಕುಳಿತು ರೊಟ್ಟಿ ಬಿಚ್ಚಿದೆ, ಶೇಂಗಾ ಚಟ್ನಿ ಗಂಟಲಲ್ಲಿ ಇಳಿಯಲಿಲ್ಲ. ಈಗ ಬದುವಿನ ಮೇಲೆ ಬಂದ ಮೇಲೆಯೇ ಬುತ್ತಿ. ಯೋಜನೆಯಂತೆ ಅಣೆಕಟ್ಟೆಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಿದರೆ ನಾನು ಬುತ್ತಿ ಉಣ್ಣುವ ಬದುವೂ ಇರಲಾರದು.

ಚಳಿಗಾಲದಲ್ಲಿ ಈ ಸುತ್ತಿಗೆ ಜೀವ ಕೊಡುವುದು ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೆರೆ. ಹಿಮಾಲಯ ದಾಟಿ ಬರುವ ಹಕ್ಕಿ. ರಾಜಹಂಸಗಳೂ ಬರುತ್ತವೆ, ಕ್ಯಾಮೆರಾದವರು ಅವುಗಳ ಹಿಂದೆಯೇ ಓಡುತ್ತಾರೆ. ನನಗೆ ಹೆಬ್ಬಾತುಗಳೇ ಇಷ್ಟ, ಒಕ್ಕಲಿಗರ ಗತ್ತು ಅವಕ್ಕಿದೆ. ಮೊದಲೆಲ್ಲ ದಿಬ್ಬ ಏರಿ ನಿಂತು ನೋಡುತ್ತಿದ್ದೆ. ಆಕಾಶಕ್ಕೆ ಎದುರಾಗಿ ಮನುಷ್ಯನ ಆಕಾರ ಕಂಡದ್ದೇ ತಡ, ಹಿಂಡಿಗೆ ಹಿಂಡೇ ಎದ್ದುಬಿಡುತ್ತಿತ್ತು. ಈಗ ದಿಬ್ಬದ ಈಚೆಯೇ ಕುಳಿತುಬಿಡುತ್ತೇನೆ. ಹಿಂಡು ಮೇಯುವಾಗ ಒಂದೆರಡು ಕತ್ತು ಮೇಲಿರುವುದು ಸಹಜ, ಅವು ಕಾವಲಿನವು. ಏಳೆಂಟು ಕತ್ತು ಒಟ್ಟಿಗೆ ಎದ್ದರೆ ನಾನು ಮಿತಿ ದಾಟಿದ್ದೇನೆ ಎಂದರ್ಥ. ಅಲ್ಲೇ ನಿಂತು, ಅವು ಮತ್ತೆ ತಲೆ ತಗ್ಗಿಸುವವರೆಗೆ ಕಾಯುತ್ತೇನೆ. ರಾತ್ರಿಯ ಹೊತ್ತು ಇವು ಕಡಲೆ ಹೊಲಕ್ಕೆ ನುಗ್ಗುತ್ತವೆ. ‘ನೀವು ಫೋಟೋ ತೆಗೆಯಿರಿ, ಬಿತ್ತಿದ್ದು ಮಾತ್ರ ನಾವು’ ಎಂದು ಹೊಲದ ಯಜಮಾನರು ಒಮ್ಮೆ ಹೇಳಿದಾಗ ಉತ್ತರ ಹೊಳೆಯಲಿಲ್ಲ.

ಕಡಲೆಯ ಮಾತು ಬಂದಿತಲ್ಲ, ಬದುವಿನ ಮೇಲೆ ಬರುವಾಗ ಪ್ಯಾಂಟು ಮಡಚಬಾರದು. ಇಬ್ಬನಿಯೊಡನೆ ಎಲೆಯ ಹುಳಿ ಬೆರೆತಿರುತ್ತದೆ, ಕಾಲು ಚುರುಗುಟ್ಟುತ್ತದೆ. ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಸಂಗ್ರಹಿಸುವ ರೂಢಿ ನಮ್ಮ ಕಡೆ ಇತ್ತು. ಹೊಟ್ಟೆನೋವಿಗೆ ಅಜ್ಜಿ ಒಂದು ಚಮಚ ಕೊಡುತ್ತಿದ್ದಳು. ಒಂಬತ್ತೂವರೆಯ ಹೊತ್ತಿಗೆ ಸ್ಕೂಟರಿನ ಹತ್ತಿರ ಮರಳಿರುತ್ತೇನೆ. ಆಮೇಲೆ ಬಿಸಿಲಿನ ಝಳದಲ್ಲಿ ದುರ್ಬೀನಿನೊಳಗೆ ಎಲ್ಲವೂ ನಡುಗುತ್ತದೆ.

ಕಳೆದ ಮಾರ್ಚ್‌ನಲ್ಲಿ ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತ ಚೀರತೊಡಗಿತು. ನಿಂತು ಕೆಳಗೆ ನೋಡಿದೆ. ಒಣಗಿದ ಎಮ್ಮೆಗೊರಸಿನ ಕುಳಿಯೊಂದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ನನ್ನ ಮುಂದಿನ ಹೆಜ್ಜೆ ಬೀಳಬೇಕಾದ ಜಾಗ ಅದೇ. ಗೊರಸು ನೋಡಿಯೇ ತಾನೇ ನಾನು ಕಾಲಿಡುವುದು. ಬಂದ ಹೆಜ್ಜೆಗಳ ಮೇಲೆಯೇ ಹಿಂದೆ ನಡೆದೆ. ಈಗ ಮಾರ್ಚ್‌ನಿಂದ ಮಳೆಗಾಲದವರೆಗೆ ರಸ್ತೆಯ ತುದಿಯವರೆಗೆ ಮಾತ್ರ ಹೋಗಿ ಬರುತ್ತೇನೆ, ಸುತ್ತು ಹಾಕುವುದಿಲ್ಲ.