ಲಿಸ್ಟನ್ ಬಿದ್ದದ್ದು ನಾಟಕವಲ್ಲ: ಫ್ರೇಮ್ ಎಣಿಸಿ ನೋಡಿದ ನನ್ನ ಅನುಭವ

ಮದುವೆ ವಿಡಿಯೊ ಎಡಿಟಿಂಗ್ ನನ್ನ ಹೊಟ್ಟೆಪಾಡು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಯಾರೋ ಸೋದರಮಾವ ಮೊಬೈಲ್ ಎತ್ತಿ ಅಡ್ಡ ಬರ್ತಾನೆ. ಅದನ್ನು ಮುಚ್ಚೋದಕ್ಕೆ ಇನ್ನೊಂದು ಕ್ಯಾಮೆರಾದಿಂದ ಎಂಟು ಹತ್ತು ಫ್ರೇಮ್ ಹೆಕ್ಕಿ ತಂದು ಕೂರಿಸಬೇಕು. ಹನ್ನೆರಡು ವರ್ಷದಿಂದ ಇದೇ ಕೆಲಸ. ಸಂಜೆ ಬಾಕ್ಸಿಂಗ್ ಜಿಮ್‌ಗೆ ಹೋಗ್ತೀನಿ, ಆಡೋದಕ್ಕಿಂತ ಹರಟೆಗೇ ಜಾಸ್ತಿ. ಬಾಕ್ಸರ್ ಮುಹಮ್ಮದ್ ಅಲಿ ಹೊಡೆತಕ್ಕೆ ಎದುರಾಳಿ ಸನ್ನಿ ಲಿಸ್ಟನ್ ನಿಜವಾಗಿ ಬಿದ್ದನಾ, ಬೇಕಂತ ಮಲಗಿದನಾ ಅಂತ ಅಲ್ಲಿ ಜಗಳ ಶುರುವಾದಾಗ, ಬಾಯಿ ತಪ್ಪಿ 'ನಾನು ತೋರಿಸ್ತೀನಿ' ಅಂದುಬಿಟ್ಟೆ.

ಕೋಚ್ ಸರ್ ನಕ್ಕರು. "ಸತ್ತೋರ ಜಾತಕ ಯಾಕೋ ಬಿಚ್ತೀಯಾ? ಅಮೆರಿಕದೋರಿಗೇ ಇಷ್ಟು ವರ್ಷದಿಂದ ಬಗೆಹರೀಲಿಲ್ಲ, ನಿನ್ನ ಲ್ಯಾಪ್‌ಟಾಪಲ್ಲಿ ಬಗೆಹರಿಯತ್ತಾ?"

ಕಥೆ ಇಷ್ಟು. 1965ರ ಮೇ 25, ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್. ಹಿಂದಿನ ವರ್ಷ ನವೆಂಬರಿನಲ್ಲಿ ಬಾಸ್ಟನ್‌ನಲ್ಲಿ ನಡೀಬೇಕಿದ್ದ ಪಂದ್ಯ. ಅಲಿಗೆ ಹರ್ನಿಯಾ ಆಪರೇಷನ್ ಆಗಿ ಮುಂದಕ್ಕೆ ಹೋಯ್ತು. ಆಮೇಲೆ ಬಾಸ್ಟನ್ನೂ ಕೈತಪ್ಪಿ ಈ ಸಣ್ಣ ಊರಿಗೆ ಬಂತು. ವಿಶ್ವ ಹೆವಿವೇಟ್ ಪಟ್ಟದ ಪಂದ್ಯಕ್ಕೆ ಬಂದ ಜನ ಬರೀ 2,434. ಮೊದಲ ರೌಂಡಿನಲ್ಲೇ ಲಿಸ್ಟನ್ ಅಂಗಾತ ಬಿದ್ದ. ಹೊಡೆತ ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. 'ಫಿಕ್ಸ್, ಫಿಕ್ಸ್' ಅಂತ ಜನ ಕೂಗಿದರು. 'ಫ್ಯಾಂಟಮ್ ಪಂಚ್', ಅಂದರೆ ಕಣ್ಣಿಗೆ ಕಾಣದ ಹೊಡೆತ ಅಂತ ಹೆಸರೇ ನಿಂತುಹೋಯ್ತು.

ಮೊದಲು ಮಾಡಿದ್ದೇ ದೊಡ್ಡ ತಪ್ಪು. ಇಂಟರ್ನೆಟ್ಟಿನಿಂದ ಕ್ಲಿಪ್ ಇಳಿಸಿ, ಎಐ ಸಾಫ್ಟ್‌ವೇರ್‌ನಲ್ಲಿ ಹಾಕಿ, ನಾಲ್ಕು ಪಟ್ಟು ದೊಡ್ಡದು ಮಾಡಿ, ಮಧ್ಯದ ಫ್ರೇಮ್‌ಗಳನ್ನೂ ಹುಟ್ಟಿಸಿದೆ. ಗ್ಲೌಸ್ ಲಿಸ್ಟನ್ ಕೆನ್ನೆಗೆ ಅಂಟಿಕೊಂಡಿದ್ದು ಅಂಗೈ ನೆಲ್ಲಿಕಾಯಿ ಹಾಗೆ ಕಾಣ್ತು! ರಾತ್ರಿ ಎರಡು ಗಂಟೆಗೆ ಎದ್ದು ಕುಣಿದೆ. ಬೆಳಿಗ್ಗೆ ಅದೇ ಸಾಫ್ಟ್‌ವೇರ್‌ಗೆ ನಮ್ಮ ಹುಡುಗರ ಪ್ರಾಕ್ಟೀಸ್ ವಿಡಿಯೊ ಹಾಕಿದೆ. ಬೇಕಂತಲೇ ಒಂದು ಗೇಣು ದೂರದಲ್ಲಿ ಬೀಸಿದ ಪಂಚ್ ಅದು. ಅದರಲ್ಲೂ ಗ್ಲೌಸ್ ಕೆನ್ನೆಗೆ ಅಂಟಿತ್ತು. ಸಾಫ್ಟ್‌ವೇರ್ ತಾನೇ ಊಹಿಸಿ ಬಣ್ಣ ಬಳೀತಿತ್ತು. ವರ್ಷದ ಚಂದಾ ಆರು ಸಾವಿರದ ಹತ್ತಿರ, ನೀರಲ್ಲಿ ಹೋಮ.

ಎರಡನೇ ಸಲ ಫ್ರೇಮ್ ಎಣಿಸಿದ್ದೇ ತಪ್ಪಾಯ್ತು. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ಅಮೆರಿಕದ ಟಿವಿಗೆ ತಂದಾಗ ಸೆಕೆಂಡಿಗೆ 30 ಆಗುತ್ತೆ, ಇದಕ್ಕೆ ಪುಲ್‌ಡೌನ್ ಅಂತಾರೆ. ಅಂದರೆ ನಾಲ್ಕಿದ್ದದ್ದು ಐದು. ನಡುವೆ ಕಲಸಿದ ಫ್ರೇಮ್‌ಗಳು. ನನಗೆ ಇದು ಗೊತ್ತಿತ್ತು, ಆದರೂ ಮೂರು ವಾರ ಹೊಳೀಲಿಲ್ಲ. ಹೊಡೆತದ ನಡುವೆ ಗ್ಲೌಸ್ ಒಂದು ಕ್ಷಣ ನಿಂತಂಗೆ ಕಾಣ್ತಿತ್ತು. 'ನೋಡಿ, ತಡೆದು ಹೊಡೆದಿದ್ದಾನೆ, ನಾಟಕ' ಅಂತ ನಾನೇ ಜಿಮ್ಮಲ್ಲಿ ಹೇಳ್ಕೊಂಡು ಬಂದೆ. ಮಾನ ಹೋಯ್ತು.

ಆಮೇಲೆ ನ್ಯೂಜೆರ್ಸಿಯಲ್ಲಿರೋ ದೊಡ್ಡಮ್ಮನ ಮಗನಿಗೆ ಹೇಳಿ ಒಂದು ಹಳೇ ಡಿಸ್ಕ್ ತರಿಸಿದೆ. ಸಾಗಾಣಿಕೆ ಸೇರಿ ನಾಲ್ಕು ಸಾವಿರ. ಅದು ಬಂದ ವಾರವೇ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಅದರಲ್ಲಿ ಒಂದು ಆರತಕ್ಷತೆ ಕೂಡ ಇತ್ತು. ಡೇಟಾ ತೆಗೆಸಲು ಒಂಬತ್ತು ಸಾವಿರ, ಗಿರಾಕಿಗೆ ತಡವಾಗಿದ್ದಕ್ಕೆ ಐದು ಸಾವಿರ ಬಿಟ್ಟೆ. ಸಣ್ಣಪುಟ್ಟ ಖರ್ಚೂ ಸೇರಿ ಒಟ್ಟು ಮೂವತ್ತು ಸಾವಿರದ ಮೇಲೇ ಹೋಗಿದೆ. ಮನೇಲಿ ಇಪ್ಪತ್ತು ಅಂತ ಹೇಳಿದ್ದೇನೆ.

ಕೊನೆಗೆ ಕೈಹಿಡಿದ ದಾರಿ ಇಷ್ಟು. ಪುಲ್‌ಡೌನ್ ಬಿಚ್ಚಿ 24ಕ್ಕೆ ಇಳಿಸಿದೆ. ಚಿತ್ರ ಚೂಪು ಮಾಡೋ ಶಾರ್ಪನ್ ಇಲ್ಲ, ಕಾಳು ಕಳೆಯೋ ಡಿನಾಯ್ಸ್ ಇಲ್ಲ. ಗ್ಲೌಸ್ ನೋಡೋದನ್ನೇ ಬಿಟ್ಟೆ. ಕೆನ್ನೆಗೆ ತಾಗಿತೋ ಇಲ್ಲವೋ ಅನ್ನೋದು ಆ ಮಸುಕು ಚಿತ್ರದಲ್ಲಿ ಎಷ್ಟು ಕಣ್ಣು ಕಿರಿದು ಮಾಡಿದರೂ ತೀರ್ಮಾನ ಆಗಲ್ಲ. ಅದರ ಬದಲು ಲಿಸ್ಟನ್ ತಲೆ ಮೇಲೊಂದು ಚುಕ್ಕಿ, ಭುಜದ ಮೇಲೊಂದು ಚುಕ್ಕಿ ಇಟ್ಟು, ಫ್ರೇಮಿಂದ ಫ್ರೇಮಿಗೆ ಅವು ಎಲ್ಲಿ ಹೋಗುತ್ತವೆ ಅಂತ ಟ್ರ್ಯಾಕ್ ಮಾಡಿದೆ. ಕ್ಯಾಮೆರಾ ಅಲುಗಾಟ ಕಳೆಯೋಕೆ ರಿಂಗಿನಲ್ಲಿ ಯಾವುದನ್ನು ಹಿಡಿದೆ ಅಂತ ಮಾತ್ರ ಹೇಳಲ್ಲ. ಹಗ್ಗ ಅಲ್ಲ, ಅದು ತೂಗಾಡುತ್ತೆ. ಅಷ್ಟು ಸುಳಿವು ಸಾಕು.

ಚುಕ್ಕಿಗಳಿಗೆ ಅರ್ಥ ಬರೋಕೆ ಜಿಮ್ಮಲ್ಲಿ ನಮ್ಮದೇ ಪರೀಕ್ಷೆ ಮಾಡಿದೆವು. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್, ಹೆಡ್‌ಗಾರ್ಡ್, ದಪ್ಪ ಗ್ಲೌಸ್, ಕೋಚ್ ಸರ್ ಕಾವಲು. ಇಬ್ಬರು ಹುಡುಗರಿಗೆ ಸುಮ್ನೆ ಬೀಳಿ ಅಂದೆ. ಸುಮಾರು ಮೂವತ್ತು ಸಲ ಬಿದ್ದರು, ಪ್ರತಿ ಬೀಳುವಿಕೆಗೂ ಒಂದು ಎಗ್ ಪಫ್ ಲೆಕ್ಕ. ನಾಟಕದಲ್ಲಿ ಮೊದಲು ಮೊಣಕಾಲು ಸಡಿಲವಾಗುತ್ತೆ, ತಲೆ ಭುಜ ಎರಡೂ ಒಟ್ಟಿಗೆ ಹೋಗುತ್ತವೆ, ಕೈ ತಾನಾಗಿ ನೆಲ ಹುಡುಕುತ್ತೆ. ಮೆಲ್ಲಗೆ ತಟ್ಟಿದರೂ ಸಾಕು, ನಿಜದ ಹೊಡೆತದಲ್ಲಿ ತಲೆ ಮೊದಲು ಹೋಗುತ್ತೆ, ಭುಜ ಹಿಂದೆ ಬರುತ್ತೆ. ಒಬ್ಬ ಹುಡುಗ ನಾಟಕದಲ್ಲಿ ಎಷ್ಟು ಪಳಗಿದ ಅಂದರೆ ಈಗ ಹೋಂವರ್ಕ್ ಕೇಳಿದರೂ ಬೀಳ್ತಾನಂತೆ.

ಲಿಸ್ಟನ್ ಚುಕ್ಕಿಗಳಲ್ಲಿ ತಲೆ ಒಂದು ಫ್ರೇಮ್ ಮುಂಚೆ ಹೋಗಿದೆ. ಐದಾರು ಸಲ ಮೊದಲಿಂದ ಟ್ರ್ಯಾಕ್ ಮಾಡಿದರೂ ಅದೇ ಬಂತು. ಅಲಿ ಹಿಂದಕ್ಕೆ ಸರೀತಿದ್ದ. ಲಿಸ್ಟನ್ ಎಡಗೈಯಿಂದ ಜ್ಯಾಬ್, ಅಂದರೆ ನೇರವಾದ ಚುರುಕು ಹೊಡೆತ, ಬೀಸಿ ಮುಂದೆ ಬಾಗಿದ, ಮೈಭಾರ ಪೂರ್ತಿ ಎಡಗಾಲ ಮೇಲೆ. ಆ ಜ್ಯಾಬ್ ಮೇಲಿಂದ ಅಲಿಯ ಬಲಗೈ ಇಳಿಯಿತು. ಶುರುವಾಗಿ ಮುಗಿಯೋಕೆ ನಾಲ್ಕು ಫ್ರೇಮ್, ಸೆಕೆಂಡಿನ ಆರನೇ ಒಂದು ಪಾಲು. ಅಷ್ಟು ಭಾರ ಹೊತ್ತಿದ್ದ ಎಡಗಾಲು ನೆಲ ಬಿಟ್ಟು ಮೇಲೆದ್ದಿದೆ. ನಮ್ಮ ಮೂವತ್ತು ನಾಟಕಗಳಲ್ಲಿ ಒಂದರಲ್ಲೂ ಮುಂಗಾಲು ಹಾಗೆ ಏಳಲಿಲ್ಲ. ಬೀಳೋಕೆ ಹೊರಟವನು ಕಾಲೂರಿಕೊಂಡೇ ಬೀಳೋದು.

ಇನ್ನೊಂದು ಗೊಂದಲ ಫೋಟೊದ್ದು. ನೀಲ್ ಲೀಫರ್ ತೆಗೆದ ಬಣ್ಣದ ಫೋಟೊ ಎಲ್ಲರೂ ನೋಡಿದ್ದೇವೆ, ಅಲಿ ಮೊಳಕೈ ಮಡಚಿ ಮೇಲೆ ನಿಂತು ಗುಡುಗುತ್ತಿರೋದು. ಅದೇ ಹೊಡೆತದ ಕ್ಷಣ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಹೊಡೆತ ಮುಗಿದ ಮೇಲೆ ಎದ್ದು ಆಡು ಅಂತ ಬೈತಿರೋದು.

ಈ ಹೊಡೆತಕ್ಕೆ ಅಲಿ 'ಆ್ಯಂಕರ್ ಪಂಚ್' ಅಂತ ಹೆಸರಿಟ್ಟಿದ್ದ. ಸ್ಟೆಪಿನ್ ಫೆಚಿಟ್ ಅನ್ನೋ ನಟ ಹೇಳಿಕೊಟ್ಟಿದ್ದು, ಆತನಿಗೆ ಹಳೇ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಕಲಿಸಿದ್ದು ಅಂತ ಅಲಿಯ ಮಾತು. ಅದನ್ನು ಹಿಡಿದು ನಾನು ಜಾನ್ಸನ್ ಕಡೆ ಹೊರಳಿದೆ. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್ ಎದುರು 26ನೇ ರೌಂಡಿನಲ್ಲಿ ಅವನು ಬಿದ್ದ ಫೋಟೊ ಇದೆಯಲ್ಲ, ಬಿಸಿಲಿಗೆ ಕೈ ಅಡ್ಡ ಹಿಡಿದಂತೆ ಕಾಣೋದು. ಬೇಕಂತಲೇ ಸೋತೆ ಅಂತ ಆಮೇಲೆ ಅವನೇ ಹೇಳಿಕೊಂಡ. ಆ ಫಿಲ್ಮ್ ಮೇಲೂ ಚುಕ್ಕಿ ಇಟ್ಟು ಹತ್ತು ದಿನ ಹಾಳುಮಾಡಿಕೊಂಡೆ. ನನ್ನ ಕೈಗೆ ಸಿಕ್ಕ ಪ್ರತಿಯಲ್ಲಿ ಗೀರು ಬಿಟ್ಟರೆ ಬೇರೇನೂ ಇಲ್ಲ, ಚುಕ್ಕಿ ನಿಲ್ಲೋದೇ ಇಲ್ಲ. ವಿಲ್ಲಾರ್ಡ್ ಮಾತೇ ನನಗೆ ಹಿಡಿಸಿತು: ಸೋಲೋದೇ ಇದ್ದಿದ್ದರೆ ಆ ಸುಡು ಬಿಸಿಲಲ್ಲಿ ಇನ್ನೂ ಬೇಗ ಸೋಲಬಾರದಿತ್ತಾ ಅಂದನಂತೆ.

ಪೂರ್ತಿ ಕೆಲಸ ಮುಗಿಸಿ ಕೋಚ್ ಸರ್ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಕನ್ನಡಕ ಹಾಕಿಕೊಂಡು ಎಡಗಾಲು ಏಳೋ ಜಾಗವನ್ನು ಹತ್ತು ಸಲ ಹಿಂದೆ ಮುಂದೆ ಮಾಡಿಸಿದರು.

"ತಾಗಿದೆ ಕಣೋ. ಆದ್ರೆ ಏಳಬಹುದಿತ್ತಲ್ಲ?"

ಅಲ್ಲಿಗೆ ನನ್ನ ಚುಕ್ಕಿ ಮುಗೀತು. ಲಿಸ್ಟನ್ ಮೊಣಕಾಲೂರಿ ಮತ್ತೆ ಯಾಕೆ ಉರುಳಿದ ಅನ್ನೋದು ಯಾವ ಫ್ರೇಮಲ್ಲೂ ಇಲ್ಲ. ಎದುರಾಳಿ ಬಿದ್ದಾಗ ಹೊಡೆದವನು ಮೂಲೆಗೆ ಹೋಗಬೇಕು, ರೆಫರಿ ಹತ್ತು ಎಣಿಸೋದರೊಳಗೆ ಬಿದ್ದವನು ಏಳದಿದ್ದರೆ ಸೋಲು. ಅಲಿ ಮೂಲೆಗೆ ಹೋಗಲೇ ಇಲ್ಲ. ರೆಫರಿ ಜರ್ಸಿ ಜೋ ವಾಲ್ಕಾಟ್ ಅವನನ್ನು ತಳ್ಳೋದರಲ್ಲೇ ಇದ್ದ, ಎಣಿಸಲಿಲ್ಲ. ಎಣಿಸಿದ್ದು ರಿಂಗಿನ ಹೊರಗಿದ್ದ ಟೈಮ್‌ಕೀಪರ್. ಲಿಸ್ಟನ್ ಎದ್ದು ಆಟ ಮತ್ತೆ ಶುರುವಾದ ಮೇಲೆ, ಪತ್ರಕರ್ತ ನ್ಯಾಟ್ ಫ್ಲೈಷರ್ ಕೂಗಿ ಕರೆದು ಹತ್ತು ಆಗಿಹೋಗಿದೆ ಅಂದಿದ್ದಕ್ಕೆ ವಾಲ್ಕಾಟ್ ಓಡಿ ಬಂದು ನಿಲ್ಲಿಸಿದ. ಸಮಯ ಒಂದು ನಿಮಿಷ ಅಂತ ಘೋಷಿಸಿದರು. ಫಿಲ್ಮಿನಲ್ಲಿ ಎಣಿಸಿದರೆ ಎರಡು ನಿಮಿಷ ದಾಟುತ್ತೆ, ಈಗ ದಾಖಲೆಯಲ್ಲಿರೋದು 2 ನಿಮಿಷ 12 ಸೆಕೆಂಡ್. ಅಂಥಾ ಗಲಾಟೆಯಲ್ಲಿ ಯಾರು ಯಾವಾಗ ಏಳಬೇಕಿತ್ತು ಅಂತ ಹೇಗೆ ಹೇಳೋದು?

ಸರ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಹೋದ ವರ್ಷ ನಮ್ಮ ಹುಡುಗನೊಬ್ಬ ಸೋತ ಪಂದ್ಯದ ಮೊಬೈಲ್ ವಿಡಿಯೊ ಕಳಿಸಿದ್ದಾರೆ. "ಅದು ಜಾರಿ ಬಿದ್ದದ್ದು ಅಂತ ನಾನು ಬಡ್ಕೊಂಡೆ, ಯಾರೂ ಕೇಳಲಿಲ್ಲ. ನಿನ್ನ ಚುಕ್ಕಿ ಇಟ್ಟು ನೋಡು." ಇಟ್ಟು ನೋಡಿದೆ. ತಲೆ ಮೊದಲು ಹೋಗಿದೆ. ಇನ್ನೂ ಅವರಿಗೆ ಹೇಳಿಲ್ಲ.