ಬ್ಯಾಟರಿ ಕೆಲಸಗಾರರು ಸೀಸದ ವಿಷದಿಂದ ಪಾರಾಗುವ ಬಗೆ

ಹಳೆಯ ಬ್ಯಾಟರಿಗಳನ್ನು ಒಡೆದು ಪ್ಲೇಟುಗಳನ್ನು ಬೇರ್ಪಡಿಸುವಾಗ ಮತ್ತು ಸೀಸ ಕರಗಿಸಿ ಎರಕ ಹೊಯ್ಯುವಾಗ ಏಳುವ ಧೂಳು, ಹೊಗೆ ಉಸಿರಿನೊಂದಿಗೆ ಮೈ ಸೇರುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತು. ಕೈಗಂಟಿದ ಪುಡಿ ಬಾಯಿಯ ಮೂಲಕ ಒಳಹೋಗುವುದನ್ನು ಮಾತ್ರ ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಗುರುಸಂದಿಯಲ್ಲಿ ಬೂದುಬಣ್ಣದ ಪುಡಿ ಉಳಿದಿರುವಾಗಲೇ ಬೀಡಿ ಹಚ್ಚಿದರೆ ಅಥವಾ ಎಲೆಅಡಿಕೆ ಹಾಕಿಕೊಂಡರೆ ಸೀಸವನ್ನೇ ತಿಂದಂತಾಗುತ್ತದೆ.

ಆದ್ದರಿಂದ ಕೆಲಸದ ಜಾಗದಲ್ಲಿ ತಿನ್ನುವುದು, ಕುಡಿಯುವುದು, ಸೇದುವುದು ಬೇಡವೇ ಬೇಡ. ಊಟಕ್ಕೆ ಮೊದಲು ಕೈ, ಮುಖ, ಉಗುರುಗಳನ್ನು ಸೋಪು ಹಚ್ಚಿ ಉಜ್ಜಿ ತೊಳೆಯಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ, ಕಣ ಸೋಸುವ ಮಾಸ್ಕ್ ಬೇಕು. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕಿಂತ ಬಹಳ ಮೇಲಕ್ಕೆ ಕಾಯಿಸಿದಷ್ಟೂ ಹೊಗೆ ಹೆಚ್ಚುವುದರಿಂದ ಉರಿಯನ್ನು ಹತೋಟಿಯಲ್ಲಿಟ್ಟು, ಹೊಗೆಯನ್ನು ಹುಟ್ಟುವಲ್ಲಿಯೇ ಹೀರುವ ಫ್ಯಾನ್ ಅಳವಡಿಸಬೇಕು. ಇದನ್ನು ಒದಗಿಸುವುದು ಮಾಲೀಕರ ಹೊಣೆ.

ಕೆಲಸದ ಬಟ್ಟೆ, ಚಪ್ಪಲಿಗಳನ್ನು ಅಲ್ಲಿಯೇ ಬಿಟ್ಟು, ಸ್ನಾನ ಮಾಡಿ ಮನೆಗೆ ಹೋಗಿ. ಅಪ್ಪನ ಅಂಗಿಯ ಧೂಳು ಮಗುವಿನ ಮಿದುಳಿನ ಬೆಳವಣಿಗೆಗೇ ಕುಂದು ತರಬಲ್ಲದು. ಗರ್ಭಿಣಿಯರಂತೂ ಈ ಕೆಲಸದ ಹತ್ತಿರವೂ ಇರಬಾರದು.

ಹೊಟ್ಟೆ ನುಲಿತ, ಮಲಬದ್ಧತೆ, ಸುಸ್ತು, ರಕ್ತಹೀನತೆ, ಕೀಲುನೋವು, ಏರುವ ರಕ್ತದೊತ್ತಡ, ಮಣಿಕಟ್ಟು ಎತ್ತಲಾಗದಷ್ಟು ನಿಶ್ಶಕ್ತಿ, ವಸಡಿನಂಚಿನ ನೀಲಿಗಪ್ಪು ಗೆರೆ ಇವೆಲ್ಲ ಸೀಸದ ಲಕ್ಷಣಗಳು. ಮೂತ್ರಪಿಂಡಕ್ಕೂ ಸಂತಾನಶಕ್ತಿಗೂ ಹಾನಿಯಾಗುತ್ತದೆ. ಆದರೆ ಲಕ್ಷಣ ಕಾಣುವ ಮೊದಲೇ ಹಾನಿ ಶುರುವಾಗಿರುವುದರಿಂದ ರಕ್ತದಲ್ಲಿನ ಸೀಸದ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಕು. ಕೆಲಸಕ್ಕೆ ಸೇರುವಾಗ ಒಮ್ಮೆ, ಅನಂತರ ನಿಯತವಾಗಿ ಇದನ್ನು ಮಾಡಿಸಿ. ಹೊಟ್ಟೆನೋವೆಂದು ಹೋದಾಗ ನೀವು ಬ್ಯಾಟರಿ ಕೆಲಸದವರೆಂದು ವೈದ್ಯರಿಗೆ ತಪ್ಪದೆ ಹೇಳಿ; ಹೇಳದಿದ್ದರೆ ಚಿಕಿತ್ಸೆ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ನಿಂತುಬಿಡಬಹುದು. ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದ್ದರೆ ಮೂಲವನ್ನು ಹುಡುಕಿ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ರಕ್ತದ ಸೀಸ ಸುಮಾರು ತಿಂಗಳಿಗೆ ಅರ್ಧದಷ್ಟು ಇಳಿದರೂ ಮೂಳೆ ಸೇರಿದ್ದು ದಶಕಗಳ ಕಾಲ ಉಳಿಯುತ್ತದೆ.

ಬೆಲ್ಲ, ಹಾಲು ಸೀಸವನ್ನು ಹೊರಹಾಕುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟಿರುವ ಆಹಾರ ಸೀಸ ಹೀರಿಕೊಳ್ಳುವುದನ್ನು ತಗ್ಗಿಸಬಲ್ಲದು, ಅಷ್ಟೆ. ಸೀಸವನ್ನು ಹೊರತೆಗೆಯುವ ಔಷಧಗಳನ್ನು ಕೊಡಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅದೇ ಧೂಳಿನಲ್ಲಿ ದುಡಿಯುತ್ತಲೇ ಅವನ್ನು ತೆಗೆದುಕೊಳ್ಳುವುದು ಅಪಾಯಕಾರಿ.

1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸೀಸದ ವಿಷ ವರದಿ ಮಾಡಲೇಬೇಕಾದ ವೃತ್ತಿರೋಗ. ಪರಿಹಾರ ಕೇಳಬೇಕಾಗಿ ಬಂದರೆ ದಾಖಲೆ ಬೇಕಾಗುವುದರಿಂದ ಪ್ರತಿಯೊಂದು ರಕ್ತಪರೀಕ್ಷೆಯ ವರದಿಯ ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.