ಪಿಯು ಕಾಂಬಿನೇಷನ್ ಆರಿಸುವ ಮುಂಚೆ ಸಿಇಟಿ ಪುಸ್ತಕ ನೋಡಿ

ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪ ಅಮ್ಮಂದಿರೇ, ಪಿಯು ಅರ್ಜಿ ತರುವ ಮೊದಲೇ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಿಂದ ಸಿಇಟಿ (ಇಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶ ಪರೀಕ್ಷೆ) ಮಾಹಿತಿ ಪುಸ್ತಕ ಇಳಿಸಿಕೊಳ್ಳಿ. ಅದರಲ್ಲಿ ಅರ್ಹತೆಯ ಪುಟ ತೆಗೆದು, ಮಗುವಿಗೆ ಇಷ್ಟವಾದ ಕೋರ್ಸಿಗೆ ಪಿಯುನಲ್ಲಿ ಯಾವ ವಿಷಯ ಬೇಕು ಅಂತ ಗುರುತು ಹಾಕಿ. ಕಾಂಬಿನೇಷನ್ (ಪಿಯು ವಿಷಯಗಳ ಗುಂಪು) ಆರಿಸುವುದು ಆಮೇಲೆ. ಸೆಕೆಂಡ್ ಪಿಯುಗೆ ಬಂದ ಮೇಲೆ ವಿಷಯ ಬದಲಾಯಿಸುವುದು ತುಂಬಾ ಕಷ್ಟ, ಅದಕ್ಕೇ ಈ ಅವಸರ. ನಮ್ಮ ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಾಗಲಿ ಬೇರೆಲ್ಲಾಗಲಿ ಇಂಜಿನಿಯರಿಂಗ್ ಓದಲು ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಎಂಬಿಬಿಎಸ್‌ಗೆ ಬಯಾಲಜಿ ಬೇಕು, ಸೀಟು ದೇಶಮಟ್ಟದ ನೀಟ್ ಪರೀಕ್ಷೆಯ ರ‍್ಯಾಂಕಿನ ಮೇಲೆ. ಇನ್ನೊಂದು ಮಾತು: ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಸೆಕೆಂಡ್ ಪಿಯು ಅಂಕ ಅರ್ಧ. ಕೋಚಿಂಗ್ ಭರದಲ್ಲಿ ಬೋರ್ಡ್ ಪರೀಕ್ಷೆ ಬಿಟ್ಟರೆ ನಷ್ಟ ಜಾಸ್ತಿ. ಇದನ್ನು ಮಕ್ಕಳಿಗೆ ಈಗಲೇ ಹೇಳಿಬಿಡಿ. ಮಗು ಇನ್ನೂ ಏನೂ ನಿರ್ಧರಿಸಿಲ್ಲ ಅಂದರೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಆಗ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಇಂಜಿನಿಯರಿಂಗ್, ಮೆಡಿಕಲ್ ಎರಡೂ ದಾರಿ ತೆರೆದಿಡುತ್ತದೆ, ಆದರೆ ಗಣಿತ ಕಂಡರೆ ಹೆದರುವ ಮಗುವಿನ ಮೇಲೆ ಸುಮ್ನೆ ಹೇರಬೇಡಿ. ಬಿಕಾಂ, ಬಿಎ ಯೋಚನೆ ಇದ್ದರೆ ಈ ಪುಸ್ತಕದಲ್ಲಿ ಸಿಗದು, ನೇರ ಡಿಗ್ರಿ ಕಾಲೇಜಿನಲ್ಲೇ ವಿಚಾರಿಸಿ. ಅರ್ಹತೆಯ ನಿಯಮ ಬದಲಾಗುವುದುಂಟು, ಹಳೇ ಪುಸ್ತಕ ನಂಬಬೇಡಿ.